ನೆಲ ಬೋಳಿಸಿದ್ರ ಮಾತ್ರ ಚಲೋ ಒಕ್ಕಲಿಗ ಏನ್ರಿ?

ಬಾಳ ದಿನ ಆತು ಉದ್ದಕ ಬರದಿರಲಿಲ್ಲ. ಕೆಲಸದ ಗದ್ದಲ, ಮ್ಯಾಲ ಮೋಟರ್ ಬ್ಯಾರೆ ಸುಟ್ಟಿತ್ತು.

ಹೋದ ವಾರ ಸಿಂದಗಿ ಕಡೆಯಿಂದ ಇಬ್ಬರು ಹುಡುಗರು ನಮ್ಮ ಲಿಂಬಿ ತೋಟ ನೋಡಲಾಕ ಬಂದಿದ್ರು. ಬದುವಿನ ಮ್ಯಾಲ ನಿಂತು ಒಬ್ಬ ಇನ್ನೊಬ್ಬಗ ಮೆಲ್ಲಕ ಅಂದ, "ಮಾಲಕರು ಊರಾಗ ಇಲ್ಲ ಅಂತ ಕಾಣ್ತದ, ತೋಟ ಹಾಳ ಬಿದ್ದದ." ಮಾಲಕ ಅಲ್ಲೇ ಗಿಡದ ಹಿಂದ ಕುಂತು ಡ್ರಿಪ್ ಪೈಪಿಗೆ ಜೋಡ ಹಾಕ್ತಿದ್ದ. ಎದ್ದು ನಿಂತು "ಬರ್ರಿ, ಹಾಳ ಬಿದ್ದಿದ್ದು ಹತ್ತರದಿಂದ ನೋಡ್ರಿ" ಅಂದೆ. ಪಾಪ, ಆ ಹುಡುಗಗ ಮುಖ ಎತ್ತಲಾಕ ಆಗಲಿಲ್ಲ. ಅವನ ತಪ್ಪೇನೂ ಇಲ್ಲ ಬಿಡ್ರಿ. ನಾಕು ವರ್ಷದ ಹಿಂದ ಇದೇ ಮಾತು ನಮ್ಮಪ್ಪ ಅಂದಿದ್ದ, ಅದೂ ನಾಕು ಮಂದಿ ಮುಂದ.

ಗಿಡದ ಸಾಲಿನ ನಡುವ ನೆಲ ಕಾಣದಂಗ ಒಂದು ಸಣ್ಣ ಬಳ್ಳಿ ಹಬ್ಬಿಸೀನಿ. ವರ್ಷಪೂರ್ತಿ ಹಸರ ಇರ್ತದ, ಪಾದದ ಮ್ಯಾಲ ಏಳೂದಿಲ್ಲ. ಅದನ್ನ ಕಂಡವರಿಗೆ ಎರಡೇ ಮಾತು. ಅರ್ಧ ಮಂದಿ "ಸದಿ ತಗಸಿಲ್ಲೇನ್ರಿ?" ಅಂತಾರ. ಉಳಿದವರು, ಮೊಬೈಲಿನಾಗ ವಿಡಿಯೋ ನೋಡಿದವರು, "ನಮಗೂ ಹಾಕಬೇಕ್ರಿ, ಎಲ್ಲಿ ಸಿಗ್ತದ, ಸಸಿಗೆ ಎಷ್ಟು?" ಅಂತಾರ. ನನ್ನ ಅಭಿಪ್ರಾಯ ಏನಂದ್ರ, ಈ ಎರಡೂ ಕಡೆಯವರು ತಮ್ಮ ನೆಲ ನೋಡಿ ಮಾತಾಡ್ತಿಲ್ಲ. ಮೊದಲನೆಯವರು ಜೋಳದ ಹೊಲದ ಶಾಸ್ತ್ರ ತೋಟಕ್ಕ ತರ್ತಾರ, ಎರಡನೆಯವರು ಮಲೆನಾಡಿನ ತೋಟದ ಶಾಸ್ತ್ರ ನಮ್ಮ ಎರಿ ಭೂಮಿಗೆ ತರ್ತಾರ. ನಾನು ಎರಡೂ ತಪ್ಪು ಮಾಡಿ, ರೊಕ್ಕಾ ಕಳಕೊಂಡು, ಗಿಡಾ ಕಳಕೊಂಡು ಇಲ್ಲಿಗೆ ಬಂದೀನಿ.

ಮೊದಲ ಅಪ್ಪನ ಪರವಾಗಿ ನಾಕು ಮಾತು ಹೇಳ್ತೀನಿ, ಯಾಕಂದ್ರ ಈಗಿನ ಹುಡುಗರು ಹಿರ್ಯಾರಿಗೆ ಏನೂ ಗೊತ್ತಿರಲಿಲ್ಲ ಅನ್ನೂದು ಬಾಳ ಆಗೇದ. ನಮ್ಮಪ್ಪ ಹಿಂಗಾರಿ ಜೋಳದ ಮನುಷ್ಯ. ನಮ್ಮ ಜಿಲ್ಲಾದಾಗ ಮಳಿ ಬೀಳೂದೇ ವರ್ಷಕ್ಕ ಆರುನೂರು ಮಿಲಿಮೀಟರ್ ಆಚೀಚೆ, ಅದೂ ಸರಿಯಾಗಿ ಬಿದ್ದ ವರ್ಷ. ಮುಂಗಾರಿ ಮಳಿ ಪೂರ್ತಿ ಎರಿ ನೆಲಕ್ಕ ಕುಡಿಸಿ, ಕುಂಟಿ ಮ್ಯಾಲ ಕುಂಟಿ ಹೊಡದು, ಒಂದು ಹುಲ್ಲಿನ ಕಡ್ಡಿ ಬಿಡದಂಗ ಇಟ್ಟು, ಹಿಂಗಾರಿಗೆ ಬಿತ್ತೂದು. ಬಿತ್ತಿದ ಮ್ಯಾಲ ಮಳಿ ಬಂತಂದ್ರ ಬಂತು, ಇಲ್ಲಂದ್ರ ಇಲ್ಲ. ನೆಲದಾಗ ಕೂಡಿಟ್ಟ ಹಸಿ ಮ್ಯಾಲೇ ಮಾಲದಂಡಿ ಜೋಳ ತೆನಿ ಕಟ್ಟಬೇಕು. ಅಂಥಾ ಹೊಲದಾಗ ಒಂದು ಕಸ ಅಂದ್ರ ಒಬ್ಬ ಕಳ್ಳ. ನೆಲ ಬಿರಿದಂಗೆಲ್ಲ ಎಡಿ ಹೊಡದು ಬಿರುಕು ಮುಚ್ಚೂದು, ಮ್ಯಾಲ ಪುಡಿ ಮಣ್ಣಿನ ಹೊದಿಕಿ ಮಾಡೂದು, ಇದು ಬರೇ ರೂಢಿ ಅಲ್ಲ, ಲೆಕ್ಕ. ವಿಜಯಪುರದಾಗ 1930ರ ದಶಕದಿಂದ ಒಣಬೇಸಾಯದ ಸಂಶೋಧನಾ ಅದ, ಅಲ್ಲಿಯವರು ಹೇಳಿದ್ದೂ ಇದನ್ನೇ. ಅದಕ್ಕ ನಮ್ಮ ಕಡೆ ಕಣದಂಗ ಸ್ವಚ್ಛ ಇದ್ದ ಹೊಲ ಅಂದ್ರ ಮರ್ಯಾದಿ. ಕಸ ಬೆಳದ ಹೊಲದವನಿಗೆ ಹೆಣ್ಣ ಕೊಡಲಾಕ ಹಿಂದ ಮುಂದ ನೋಡ್ತಿದ್ರು.

ಆಮ್ಯಾಲ ನೀರು ಬಂತು. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಾಗ. ನಮ್ಮ ಬದುವಿಗೆ ಅದರ ನೀರು ಮುಟ್ಟಲಾಕ ಮುಂದ ಎರಡು ತಲಿಮಾರು ಹೋಯ್ತು. ಇಂಡಿ ಬ್ರಾಂಚ್ ಕೆನಾಲು, ಮುಳವಾಡ, ಚಿಮ್ಮಲಗಿ ಏತ ನೀರಾವರಿ, ಇದರ ನಡುವ ಎಲ್ಲರೂ ಬೋರು ಹೊಡಸಿದ್ರು, ಡ್ರಿಪ್ ಹಾಕಿದ್ರು, ಲಿಂಬಿ ಹಚ್ಚಿದ್ರು. ಈಗ ರಾಜ್ಯದಾಗ ಎಲ್ಲಕ್ಕಿಂತ ಹೆಚ್ಚು ಲಿಂಬಿ ನಮ್ಮ ಜಿಲ್ಲಾದಾಗ. ಇಂಡಿ ಲಿಂಬಿಗೆ 2023ರಾಗ ಜಿಐ ಮಾನ್ಯತಾನೂ ಸಿಕ್ಕದ. ಬೆಳಿ ಬದಲಾತು, ನೀರು ಬದಲಾತು, ಕುಂಟಿ ಮಾತ್ರ ಬದಲಾಗಲಿಲ್ಲ. ಎತ್ತಿನ ಕುಂಟಿ ಹೋಗಿ ಟ್ರ್ಯಾಕ್ಟರಿನ ರೋಟಾವೇಟರ್ ಬಂತು, ಅಷ್ಟೇ. ಜೋಳದ ಹೊಲದಾಗ ಮರ್ಯಾದಿ ಆಗಿದ್ದ ಬೋಳ ನೆಲ ಲಿಂಬಿ ತೋಟದಾಗೂ ಮರ್ಯಾದಿ ಆತು.

ನಾನೂ ಹಂಗೇ ಮಾಡಿದೆ. ನಾಕು ಎಕರೆ, 20 ಅಡಿಗೊಂದು ಗಿಡ, ಎಲ್ಲಾ ಕೂಡಿ 430. ವರ್ಷಕ್ಕ ಮೂರು ಸಲ ರೋಟಾವೇಟರ್, ನಡುವ ಎರಡು ಸಲ ಕಸದ ಎಣ್ಣಿ. ತೋಟ ಕನ್ನಡಿ ಇದ್ದಂಗ ಇತ್ತು. 2018ರಾಗ ಗಿಡ ತುದಿಯಿಂದ ಒಣಗಲಾಕ ಹತ್ತಿದ್ವು. ಕಾಂಡಕ್ಕ ಅಂಟು ಸೋರ್ತಿತ್ತು, ಎಲಿ ಹಳದಿ ಆಗ್ತಿತ್ತು. ಅಂಗಡಿಯವರು ಹೇಳಿದ ಔಷಧಿ ಎಲ್ಲಾ ಸುರಿದೆ. ಕಡೀಕ ಸತ್ತ ಗಿಡ ಒಂದನ್ನ ಜೆಸಿಬಿ ತರಿಸದೆ ಕೈಲೇ ಅಗದು ನೋಡಿದೆ. ಅವತ್ತು ನನಗ ಲಿಂಬಿ ಗಿಡ ಗೊತ್ತಾತು ಅನ್ನಬೇಕು. ಉಣ್ಣೂ ಬೇರು, ಕೂದಲಿನಂಥಾ ಸಣ್ಣ ಬೇರು, ಮ್ಯಾಲಿನ ಒಂದು ಒಂದೂವರಿ ಅಡಿ ಮಣ್ಣಿನಾಗೇ ಹೆಚ್ಚು ಇರ್ತಾವ. ಹೆಬ್ಬೆರಳ ದಪ್ಪ ಬೇರಿನ ತುದಿ ತುದಿಗೆ ಕಡದ ಗಾಯ, ಗಾಯದ ಕಡೆ ಕಪ್ಪಗ ಕೊಳತಿತ್ತು. ರೋಟಾವೇಟರ್ ಹೋಗೂದು ಐದಾರು ಇಂಚು ಆಳ. ಅಂದ್ರ ನಾನು ವರ್ಷಕ್ಕ ಮೂರು ಸಲ ಗಿಡದ ಬಾಯಿ ಕತ್ತರಸ್ತಿದ್ದೆ, ಆಮ್ಯಾಲ ಉಣ್ಣವಲ್ದು ಅಂತ ಔಷಧಿ ಹಾಕ್ತಿದ್ದೆ.

ಇನ್ನೊಂದು ಅದ. ಎರಿ ನೆಲ ಬೋಳ ಇದ್ರ ಬಿಸಲಿಗೆ ಬಿರೀತದ. ಬಿರುಕಿನಾಗ ಕೈ ಹೋಗೂವಷ್ಟು. ಜೋಳದ ಹೊಲದಾಗ ಎಡಿ ಹೊಡದು ಮುಚ್ಚಬಹುದು, ಗಿಡದ ಬುಡದಾಗ ಹೆಂಗ ಮುಚ್ಚತೀರಿ? ನೆಲ ಬಿರಿವಾಗ ಸಣ್ಣ ಬೇರೂ ಹರೀತಾವ, ಬಿರುಕಿನಿಂದ ಆಳದ ಹಸಿ ಆರ್ತದ. ಡೋಣಿ ಹೊಳಿ ಸುತ್ತಮುತ್ತ ಇರೂ ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಕಡೆಯವರಿಗೆ ಮತ್ತೊಂದು ಕಾಟ, ಸವಳು. ನೆಲದ ಮ್ಯಾಲ ನೀರು ಆರಿದಂಗ ಒಳಗಿನ ಉಪ್ಪು ಮ್ಯಾಲ ಏರ್ತದ. ಬೋಳ ನೆಲ ಜಲ್ದಿ ಆರ್ತದ, ಉಪ್ಪೂ ಜಲ್ದಿ ಏರ್ತದ. ಬೆಳ್ಳಗ ಹಿಟ್ಟು ಚೆಲ್ಲಿದಂಗ ಕಾಣೂ ನೆಲ ನೀವೂ ನೋಡಿರ್ತೀರಿ.

ಕಸದ ಎಣ್ಣಿ ಬಗ್ಗೆ ಬಾಳ ಬರಿಯೂದಿಲ್ಲ. ಗ್ಲೈಫೋಸೇಟ್ ನಮ್ಮಂಥಾ ರೈತರು ಸ್ವಂತ ಹೊಡಿಯೂವಂಗಿಲ್ಲ, ಕೀಟ ನಿಯಂತ್ರಣದ ಲೈಸೆನ್ಸ್ ಇದ್ದವರೇ ಹೊಡೀಬೇಕು ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಾಗ ಆದೇಶ ಮಾಡೇದ. ನಮ್ಮ ಕಡೆ ಎಷ್ಟು ಮಂದಿಗೆ ಗೊತ್ತದ ನೋಡ್ರಿ. ಅದನ್ನ ಬಿಟ್ಟರೂ ನನ್ನ ತೋಟದಾಗ ಆದದ್ದು ಇಷ್ಟು: ಮೆತ್ತನ ಕಸ ಎಲ್ಲಾ ಸತ್ತು ಕರಿಕಿ ಮತ್ತ ಜೇಕು ಉಳದ್ವು. ಒಳ್ಳೆಯವರನ್ನ ಊರು ಬಿಡಿಸಿ ಪುಂಡರಿಗೆ ಜಾಗಾ ಮಾಡಿಕೊಟ್ಟಂಗ.

ಈಗ ಎರಡನೆಯ ತಪ್ಪಿಗೆ ಬರ್ತೀನಿ. ರೋಟಾವೇಟರ್ ಬಿಟ್ಟೆ, ಇನ್ನ ನೆಲ ಏನರೆ ಮುಚ್ಚಬೇಕಲ್ಲ? ವಿಡಿಯೋ ನೋಡಿದೆ. ಮಲೆನಾಡಿನ ಅಡಕಿ ತೋಟ, ಕೇರಳದ ತೋಟ, ಕೆಳಗ ಹಸರ ಗಾದಿ ಹಾಸಿದಂಗ, ಅದರ ಮ್ಯಾಲ ಸಣ್ಣ ಹಳದಿ ಹೂವು. ಕಾಡು ಶೇಂಗಾ ಅಂತಾರ, ಅಲಂಕಾರದ ಶೇಂಗಾ ಅಂತಲೂ ಅಂತಾರ. ದ್ವಿದಳ, ಸಾರಜನಕ ಕೊಡ್ತದ, ಬಾಡೂದಿಲ್ಲ, ಏಳೂದಿಲ್ಲ, ಎಲ್ಲಾ ಲಕ್ಷಣ. ದೂರದ ನರ್ಸರಿಯಿಂದ ಮೂರು ಸಾವಿರ ಕಡ್ಡಿ ತರಿಸಿದೆ. ಮಳಿಗಾಲದಾಗ ಬೇರು ಬಿಟ್ಟು ಚಂದ ಹಬ್ಬಿತು, ನಾನೂ ಫೋಟೋ ಹಾಕಿದ್ದೆ, ನಿಮಗ ನೆನಪಿರಬೇಕು. ದೀಪಾವಳಿ ಹೊತ್ತಿಗೆ ಎಲಿ ಹಳದಿ, ನರ ಮಾತ್ರ ಹಸರ. ಯುಗಾದಿಗೆ ಹುಡುಕಿದ್ರ ಒಂದು ಬಳ್ಳಿ ಇಲ್ಲ.

ಯಾಕ ಅಂತ ಆಮ್ಯಾಲ ತಿಳಕೊಂಡೆ. ಆ ಬಳ್ಳಿ ಹುಟ್ಟಿದ್ದು ದಕ್ಷಿಣ ಅಮೆರಿಕಾದಾಗ, ಅದಕ್ಕ ಹುಳಿ ಮಣ್ಣು ಹಿಡಸ್ತದ, ವರ್ಷಕ್ಕ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳಿ ಬೇಕು. ನಮ್ಮ ಎರಿ ಮಣ್ಣಿನಾಗ ಸುಣ್ಣದ ಹಳ್ಳು ಎಷ್ಟು ಅದಾವ ಅಂತ ನಿಮಗ ಹೇಳೂದು ಬ್ಯಾಡ. ಸುಣ್ಣ ಹೆಚ್ಚಿದ್ದ ನೆಲದಾಗ ಗಿಡಕ್ಕ ಕಬ್ಬಿಣದ ಅಂಶ ಸಿಗೂದಿಲ್ಲ, ನಮ್ಮ ಸಾದಾ ಶೇಂಗಾನೇ ಅಂಥಲ್ಲಿ ಹಳದಿ ತಿರಗ್ತದ. ಶೇಂಗಾ ಹಳದಿ ಆಗೂ ಹೊಲದಾಗ ಅದರ ತಮ್ಮನ್ನ ತಂದು ಹಚ್ಚಿದವ ನಾನು. ವಿಡಿಯೋ ಮಾಡಿದವರು ಸುಳ್ಳು ಹೇಳಿರಲಿಲ್ಲ, ಅವರ ನೆಲ ಬ್ಯಾರೆ ಅಷ್ಟೇ.

ಸುಮ್ಮ ಕೂಡಬೇಕಿತ್ತು, ಕೂಡಲಿಲ್ಲ. ಬೀಗರೊಬ್ಬರ ಮನಿ ಮುಂದ ವೆಡೇಲಿಯಾ ಅನ್ನೂ ಬಳ್ಳಿ ಇತ್ತು. ರೋಡಿನ ನಡುವ, ಪಾರ್ಕಿನಾಗ ಹಚ್ಚಿರ್ತಾರ ನೋಡ್ರಿ, ದಪ್ಪ ಎಲಿ, ಸೇವಂತಿಗಿಯಂಥಾ ಹಳದಿ ಹೂವು, ಅದು. ನಾಕು ಬುಟ್ಟಿ ತಂದು ಒಂದು ಮೂಲ್ಯಾಗ ಹಚ್ಚಿದೆ. ಇದು ಸಾಯಲಿಲ್ಲ, ಅದೇ ತ್ರಾಸ ಆತು. ಡ್ರಿಪ್ ಪೈಪು ಕಾಣದಂಗ ಆತು, ಮಳಕಾಲುದ್ದ ಎದ್ದಿತು, ಗಿಡದ ಟೊಂಗಿ ಮ್ಯಾಲ ಏರಿತು. ಗೆಣ್ಣು ಗೆಣ್ಣಿಗೆ ಬೇರು, ಕಿತ್ತಷ್ಟೂ ತುಂಡು ಉಳದು ಮತ್ತ ಚಿಗೀತದ. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಒಂದು ಪಟ್ಟಿ ಅದ, ಐಯುಸಿಎನ್ ಸಂಸ್ಥೆಯವರು ಮಾಡಿದ್ದು. ಅದರಾಗ ಈ ಬಳ್ಳಿ ಹೆಸರು ಅದ ಅಂತ ನನಗ ಕೀಳೂವಾಗ ಗೊತ್ತಾತು. ಹಚ್ಚಲಾಕ ಒಂದು ದಿನ, ಕೀಳಲಾಕ ಎರಡು ವರ್ಷ. ಮನಿ ಮುಂದ ಕುಂಡ್ಯಾಗ ಇಡೂದಿದ್ರ ಇಡ್ರಿ, ಹೊಲಕ್ಕ ಮಾತ್ರ ಒಯ್ಯಬ್ಯಾಡ್ರಿ. ಹಳ್ಳದ ದಂಡಿಗಂತೂ ಎಸೀಲೇಬ್ಯಾಡ್ರಿ.

"ಹಂಗಾದ್ರ ಕರಿಕಿ ಇರಲಿ ಬಿಡ್ರಿ, ಅದೂ ನೆಲ ಮುಚ್ತದ" ಅಂತ ಒಬ್ಬರು ಕಾಕಾ ಅಂದ್ರು. ಗಣಪ್ಪಗ ಚಂದ, ಗಿಡಕ್ಕ ಅಲ್ಲ. ಕರಿಕಿಯ ಗಡ್ಡಿ ಎರಿ ನೆಲದಾಗ ಎಷ್ಟು ಆಳ ಹೋಗ್ತದ ಅಂತ ರಂಟಿ ಹೊಡದವರಿಗೆ ಗೊತ್ತು. ಲಿಂಬಿ ಬೇರು ಇರೂ ಜಾಗಾದಾಗೇ ಅದರ ಬೇರೂ ಹಾಸಿಕೊಂಡು ಕುಂತಿರ್ತದ, ಕೊಟ್ಟ ಯೂರಿಯಾ ಮೊದಲ ಅದೇ ಉಣ್ತದ.

ನನ್ನ ಬಳ್ಳಿ ನನಗ ಸಿಕ್ಕಿದ್ದು ವಾಲ್ವ್ ಸೋರೂ ಕಡೆ. 2021ರ ಮಳಿಗಾಲ ಶುರು ಆಗೂ ಮುಂದ. ಒಂದು ವಾಲ್ವ್ ಎರಡು ವರ್ಷದಿಂದ ಸೋರ್ತಿತ್ತು, ಇವತ್ತು ನಾಳೆ ಅಂತ ಬಿಟ್ಟಿದ್ದೆ. ಅದರ ಸುತ್ತ ಒಂದು ಹಾಸಿಗಿಯಷ್ಟು ಜಾಗಾದಾಗ ಸಣ್ಣ ಎಲಿಯ ಬಳ್ಳಿ ಒತ್ತಾಗಿ ಹಬ್ಬಿತ್ತು. ಎಲಿ ತುದಿಗೆ ಗರಗಸದಂಗ ಸಣ್ಣ ಹಲ್ಲು. ಕಡ್ಡಿ ತುದಿಗೆ ಹಿಪ್ಪಲಿ ಕಾಯಿಯಂಥಾ ಗುಂಡು, ಅದರ ಸುತ್ತ ಉಂಗುರದಂಗ ಬಿಳಿ ನೇರಳಿ ಹೂವು. ಅಪ್ಪಗ ಕೇಳಿದೆ. "ಹಳ್ಳದ ದಂಡ್ಯಾಗ ಇರ್ತದಲ್ಲೋ ತಮ್ಮಾ, ಅದೇ ಕಸ" ಅಂದ. ಹೆಸರು ಅವಗೂ ಗೊತ್ತಿರಲಿಲ್ಲ. ಪುಸ್ತಕದಾಗ ನೆಲಹಿಪ್ಪಲಿ ಅಂತದ, ಶಾಸ್ತ್ರೀಯ ಹೆಸರು ಫೈಲಾ ನೋಡಿಫ್ಲೋರಾ. ಕೆರಿ ಅಂಗಳ, ಕೆನಾಲ್ ಬದು, ಬಾವಿ ಸುತ್ತ, ಎಲ್ಲಾ ಕಡೆ ಇರ್ತದ. ನೀವೆಲ್ಲ ಅದನ್ನ ತುಳಕೊಂಡೇ ಓಡಾಡ್ತೀರಿ.

ತಮಾಷಿ ಏನಂದ್ರ ಇದೇ ಜಾತಿಯ ಒಂದು ಸುಧಾರಿಸಿದ ತಳಿಯನ್ನ ಜಪಾನಿನವರು ಮಾಡ್ಯಾರ, ಕುರಾಪಿಯಾ ಅಂತ ಹೆಸರು. ಕ್ಯಾಲಿಫೋರ್ನಿಯಾದಾಗ ನೀರಿಲ್ಲ ಅಂತ ಹುಲ್ಲು ಕಿತ್ತು ಮನಿ ಮುಂದ ಅದನ್ನ ರೊಕ್ಕಾ ಕೊಟ್ಟು ಹಾಸಸ್ತಾರ. ಇನ್ನ ಆಸ್ಟ್ರೇಲಿಯಾದ ಸುದ್ದಿ ತದ್ವಿರುದ್ಧ. ಅಲ್ಲಿ ಮರ್ರೆ–ಡಾರ್ಲಿಂಗ್ ನದಿ ಬಯಲಿನಾಗ, ನಮ್ಮಂಗ ಬಿರಿಯೂ ಜಿಗಟು ನೆಲದಾಗ, ಇದರ ಹತ್ತರದ ಸಂಬಂಧಿ ಬಳ್ಳಿಯೊಂದು ದನದ ಮೇವಿನ ಹುಲ್ಲನ್ನೇ ಒತ್ತಿ ಹಾಕೇದ. ಅದರ ತಾಯಿ ಬೇರು ಆಳಕ್ಕ ಹೋಗಿ ನೆಲ ಒಣಗಸ್ತದ ಅಂತ ಅಲ್ಲಿಯವರು ಗೋಳಾಡ್ತಾರ. ಈ ಆಸ್ಟ್ರೇಲಿಯಾದ ಮಾತು ನಾನು ಮೊದಲ ಓದಿದ್ರ ಚಲೋ ಇತ್ತು. ಓದಿದ್ದು ಆಮ್ಯಾಲ.

ಮಿರಗ ಮಳಿ ಬಿದ್ದ ಮ್ಯಾಲ ವಾಲ್ವಿನ ಸುತ್ತಿನ ಬಳ್ಳಿ ಕಿತ್ತು, ಗೇಣುದ್ದ ತುಂಡು ಮಾಡಿ, ಸಾಲಿನ ನಡುವ ಎರಡು ಅಡಿಗೊಂದು ಊರಿದೆ. ಖರ್ಚು ಅಂದ್ರ ಮೂರು ಆಳಿನ ಕೂಲಿ. ಎರಡು ವರ್ಷದಾಗ ನೆಲ ಮುಚ್ಚಿತು. ಮೊದಲಿನ ವರ್ಷ ಕರಿಕಿ, ಜೇಕು ಕೈಲೇ ತಗಸಬೇಕು, ಅದಕ್ಕ ಬಗಲ ದಾರಿ ಇಲ್ಲ. ಮುಚ್ಚಿದ ಮ್ಯಾಲ ಬಿರುಕು ಕಮ್ಮಿ ಆತು, ಮೇ ತಿಂಗಳ ಮಧ್ಯಾಹ್ನ ಚಪ್ಪಲಿ ಬಿಟ್ಟು ನಿಂತರ ಕಾಲು ಸುಡೂದಿಲ್ಲ. ಹಣ್ಣಾದ ಲಿಂಬಿ ಕೆಳಗ ಬಿದ್ದಾಗ ಮಣ್ಣು ಹತ್ತೂದಿಲ್ಲ, ಪೆಟ್ಟೂ ಕಮ್ಮಿ. ವರ್ಷದ ಬಾಳ ದಿನ ಹೂವು ಇರ್ತದ, ಕಡ್ಡಿ ಜೇನು ಬರ್ತಾವ, ಲಿಂಬಿ ಹೂವಿಗೂ ಅವೇ ಬೇಕು. ಮಳ್ಯಾಗ ಗಾಡಿ ಹೋದ್ರ ಹುಗಿಯೂದಿಲ್ಲ.

ಅಪ್ಪ ಮಾತ್ರ ತೋಟಕ್ಕ ಬರೂದು ಬಿಟ್ಟ. ಹೇಳಿದೆನಲ್ಲ, ನಾಕು ಮಂದಿ ಮುಂದ "ಹಾಳ ಬಿಟ್ಟಾನ" ಅಂದಿದ್ದ. ನಾನೂ ಸಿಟ್ಟಿನಾಗ "ನಿನಗ ಜೋಳ ಬಿಟ್ಟರ ಏನ ಗೊತ್ತದ" ಅಂದುಬಿಟ್ಟೆ. ಆ ಮಾತು ಇವತ್ತಿಗೂ ಹಿಂದಕ್ಕ ತಗೋಬೇಕು ಅನಿಸ್ತದ.

2023ರಾಗ ಮಳಿ ಕೈ ಕೊಟ್ಟಿತು. ರಾಜ್ಯದ 236 ತಾಲೂಕಿನಾಗ 223 ತಾಲೂಕು ಬರ ಅಂತ ಸರ್ಕಾರ ಘೋಷಣಾ ಮಾಡಿದ ವರ್ಷ ಅದು. 2024ರ ಮಾರ್ಚಿಗೆ ನಮ್ಮ ಬೋರು ದಿನಕ್ಕ ಎರಡು ತಾಸು ನಡದ್ರ ದೊಡ್ಡದು. ನಾನು ಏನಂದ್ಕೊಂಡಿದ್ದೆ, ಹಸರ ಹೊದಿಕಿ ಅದ, ನೆಲದ ಹಸಿ ಆರೂದಿಲ್ಲ, ಗಿಡ ತಡೀತಾವ ಅಂತ. ಅಲ್ಲೇ ಮೋಸ ಹೋದೆ. ಹೊದಿಕಿ ಬ್ಯಾರೆ, ಜೀವ ಇರೂ ಹೊದಿಕಿ ಬ್ಯಾರೆ. ರವದಿ ನೀರು ಕುಡಿಯೂದಿಲ್ಲ, ಬಳ್ಳಿ ಕುಡೀತದ. ಡ್ರಿಪ್ಪರ್ ಹನಿ ಹನಿ ಬಿಟ್ಟ ನೀರಿನ ಬುಡಕ್ಕೇ ಬಳ್ಳಿ ಬಂದು ಗಿಡದ ಬೊಡ್ಡಿತನಾ ಹಾಸಿತ್ತು. ಬಳ್ಳಿ ಹಸರ ಅದ, ಗಿಡ ಎಲಿ ಉದರಸ್ತಿದಾವ. ಏಪ್ರಿಲ್ ತಿಂಗಳ, ಕಾಯಿಗೆ ರೇಟು ಬರೂ ಹೊತ್ತು, ಗೋಲಿಯಷ್ಟು ಇದ್ದ ಕಾಯಿ ಕೆಳಗ ಬಿದ್ದಿದ್ವು. ಆ ಬ್ಯಾಸಿಗಿ ನಾನು ಹನ್ನೊಂದು ಗಿಡ ಕಳಕೊಂಡೆ.

ಆದರ ತೆಂಕಣ ಮೂಲ್ಯಾಗಿನ ಎರಡು ಸಾಲು, ಸುಮಾರು ಮೂವತ್ತು ಗಿಡ, ಎಲಿ ಬಾಡಿದ್ರೂ ಕಾಯಿ ಹಿಡಕೊಂಡಿದ್ವು. ನನಗ ತಿಳೀಲಿಲ್ಲ. ಹತ್ತರ ಹೋಗಿ ನೋಡಿದ್ರ ಪ್ರತಿ ಗಿಡದ ಸುತ್ತ ನೆರಳು ಬೀಳೂವಷ್ಟು ದುಂಡಕ ನೆಲ ಕೆರದದ, ಬಳ್ಳಿ ಇಲ್ಲ, ಮ್ಯಾಲ ಜೋಳದ ಕಣಕಿ ಹಾಸೇದ. ಮನಿಗೆ ಬಂದು ಕೇಳಿದೆ. ನಮ್ಮವ್ವ ನಕ್ಕಳು. ಅಪ್ಪ ಎರಡು ತಿಂಗಳಿಂದ ಮುಂಜಾನೆ ನಾನು ಏಳೂದರೊಳಗ ಹೋಗಿ ದಿನಕ್ಕ ಒಂದೆರಡು ಗಿಡ ಕುರಪಿ ಹಿಡದು ಕೆರಿತಿದ್ನಂತ. ಎಪ್ಪತ್ತಾರು ವಯಸ್ಸು. ಕೇಳಿದ್ರ ಅಂದ, "ಕುಡಿಯೂವರು ಇಬ್ಬರು ಇದ್ರ, ನೀರು ಒಬ್ಬಗ ಇದ್ರ, ಒಬ್ಬನ್ನ ಎಬ್ಬಸಬೇಕಲ್ಲೋ ತಮ್ಮಾ." ನನ್ನ ಹತ್ರ ಉತ್ತರ ಇರಲಿಲ್ಲ. ಅದು ಜೋಳದ ಹೊಲದ ಬುದ್ಧಿನೇ, ಆದರ ಗಿಡದ ಬುಡದ ಆರೇಳು ಅಡಿಗೆ ಸರಿಯಾಗಿ ಕೂತಿತ್ತು.

ಈಗ ನಾವಿಬ್ಬರೂ ಕೂಡಿ ಮಾಡೂದು ಹಿಂಗ. ಸಾಲಿನ ನಡುವ ಬಳ್ಳಿ. ಗಿಡದ ನೆರಳಿನ ಕೆಳಗ ಬಳ್ಳಿ ಇಲ್ಲ, ಅಲ್ಲಿ ಒಣ ಹೊದಿಕಿ, ಕಬ್ಬಿನ ರವದಿ, ತೊಗರಿ ಹೊಟ್ಟು, ಸಿಕ್ಕಿದ್ದು. ಬೊಡ್ಡಿಗೆ ಹತ್ತದಂಗ ಒಂದು ಗೇಣು ಬಿಟ್ಟು ಹಾಸಬೇಕು, ಇಲ್ಲಂದ್ರ ಬೊಡ್ಡಿ ಹಸಿ ಹಿಡದು ಮತ್ತ ಅಂಟು ಸೋರ್ತದ, ಗೆದ್ದಲಾನೂ ಏರ್ತದ. ಬೊಡ್ಡಿಗೆ ಬೋರ್ಡೋ ಪೇಸ್ಟ್ ಹಚ್ಚೂದು ಬಿಟ್ಟಿಲ್ಲ. ಆ ಉಂಗುರ ವರ್ಷಕ್ಕ ಮೂರು ಸಲ ಕುರಪಿಲೇ ಮ್ಯಾಲ ಮ್ಯಾಲ ಕೆರಿಯೂದು, ಅಗಿಯೂದಲ್ಲ. ಹೋಳಿ ಹುಣ್ಣಿವಿ ಹೊತ್ತಿಗೆ ನಡುವಿನ ಬಳ್ಳಿಯನ್ನೂ ಕಟರ್ ಹೊಡದು ನೆಲಮಟ್ಟಕ್ಕ ಇಳಸ್ತೀನಿ, ಕತ್ತರಿಸಿದ್ದು ಅಲ್ಲೇ ಬೀಳ್ತದ. ಎಲಿ ಇಲ್ಲಂದ್ರ ಕುಡಿಯೂದು ಕಮ್ಮಿ. ಬಳ್ಳಿ ಕಂದಿ ಸತ್ತಂಗ ಕಾಣ್ತದ, ಗಾಬರಿ ಆಗಬ್ಯಾಡ್ರಿ, ಮೊದಲ ಮಳಿಗೆ ಚಿಗೀತದ.

ಮತ್ತ ಅದು ಕುಡಿಯೂದೇ ಉಪಯೋಗ ಆಗೂ ಒಂದು ಕಾಲ ಅದ, ಇದನ್ನ ಲಿಂಬಿಯವರು ಲಕ್ಷ್ಯ ಕೊಟ್ಟು ಓದ್ರಿ. ಹಸ್ತ ಬಹಾರ ಹಿಡಿಯೂವರಿಗೆ ದೊಡ್ಡ ತ್ರಾಸ ಅಂದ್ರ ಎರಿ ನೆಲ. ಗಿಡಕ್ಕ ನೀರು ಬಿಡಿಸಿ ಬಾಡಿಸಿದ್ರ ತಾನೆ ಹೂವು, ಹೂವು ಆದ್ರ ತಾನೆ ಬ್ಯಾಸಿಗಿ ಕಾಯಿ. ಆದರ ಆಗಸ್ಟ್, ಸೆಪ್ಟೆಂಬರಿನಾಗ ನೆಲದಾಗ ಹಸಿ ಕೂತುಬಿಟ್ಟಿರ್ತದ, ಗಿಡ ಬಾಡೂದೇ ಇಲ್ಲ. ಆ ಎರಡು ತಿಂಗಳು ನಾನು ಬಳ್ಳಿ ಕತ್ತರಿಸೂದಿಲ್ಲ, ಬೇಕಾದಷ್ಟು ಕುಡೀಲಿ ಅಂತ ಬಿಡ್ತೀನಿ. ಮಳಿ ಬಿಡುವು ಕೊಟ್ಟರ ಬೋಳ ನೆಲದ ತೋಟಕ್ಕಿಂತ ನಮ್ಮ ಗಿಡ ಜಲ್ದಿ ಬಾಡ್ತಾವ. ಎರಡು ವರ್ಷದ ನನ್ನ ಅನುಭವ ಇದು, ನಿಮ್ಮ ಹೊಲದಾಗ ನಾಕು ಗಿಡಕ್ಕ ಮಾಡಿ ನೋಡಿ ಆಮ್ಯಾಲ ನಂಬ್ರಿ.

ನೆಲಹಿಪ್ಪಲಿ ದ್ವಿದಳ ಅಲ್ಲ. ಗೊಬ್ಬರ ಕೊಡೂದಿಲ್ಲ, ಉಲ್ಟಾ ತಾನೂ ಉಣ್ತದ. ಮೊದಲಿನ ಎರಡು ವರ್ಷ ತಿಪ್ಪಿ ಗೊಬ್ಬರ ಗಿಡಕ್ಕ ಒಂದು ಬುಟ್ಟಿ ಹೆಚ್ಚು ಹಾಕಬೇಕಾತು.

ಇನ್ನ ಯಾರು ಇದನ್ನ ಮಾಡಬಾರದು ಅನ್ನೂದನ್ನೂ ಹೇಳಬೇಕು, ಇಲ್ಲಂದ್ರ ನಾನೂ ಆ ವಿಡಿಯೋದವರಂಗ ಆಗ್ತೀನಿ. ಮಳಿ ಮ್ಯಾಲಿನ ಜೋಳ, ಕಡ್ಲಿ ಹೊಲದ ಸನೇಕ ತರಬ್ಯಾಡ್ರಿ. ಆಸ್ಟ್ರೇಲಿಯಾದ ಸುದ್ದಿ ಹೇಳಿದೆನಲ್ಲ, ಬದು ದಾಟಿ ಬಗಲ ಹೊಲದವರಿಗೆ ಕಾಟ ಆಗಬಾರದು, ನಾನು ಬದುವಿನ ಗುಂಟ ಮೂರು ಅಡಿ ಖಾಲಿ ಇಡ್ತೀನಿ. ದಾಳಿಂಬಿಯವರೇ, ನನ್ನ ಮಾತು ಕೇಳಬ್ಯಾಡ್ರಿ. ದುಂಡಾಣು ಅಂಗಮಾರಿ ಇರೂ ತನಕ ಬಿದ್ದ ಎಲಿ, ಕಾಯಿ ಆರಿಸಿ ತಗೀಬೇಕು, ನೆಲಕ್ಕ ಬ್ಲೀಚಿಂಗ್ ಪುಡಿ ಹಾಕಬೇಕು, ಬಳ್ಳಿ ಇದ್ರ ಅದು ಆಗೂದಿಲ್ಲ. ಲಿಂಬಿ ಸಸಿ ಹಚ್ಚಿ ಎರಡು ವರ್ಷ ಆಗಿರದವರೂ ತಡೀರಿ, ಸಣ್ಣ ಗಿಡಕ್ಕ ಪೈಪೋಟಿ ತಡಿಯೂ ಶಕ್ತಿ ಇರೂದಿಲ್ಲ. ಬ್ಯಾಸಿಗ್ಯಾಗ ಬೋರು ಪೂರ್ತಿ ನಿಲ್ಲೂವರು ಒಣ ಹೊದಿಕಿ ಒಂದೇ ಮಾಡ್ರಿ, ಅದೇ ಸಾಕು.

ಹಾವಿನ ಮಾತು ಉಳೀತು. ಕಾಯಿ ಆರಿಸೂ ಹೆಣ್ಮಕ್ಕಳು ಮೊದಲಿನ ವರ್ಷ ಒಳಗ ಬರಲೇ ಇಲ್ಲ. "ಯಣ್ಣಾ, ಈ ಹಸರಾಗ ಏನ ಮಲಗೇದ ಅಂತ ಯಾರ ನೋಡ್ಯಾರ? ಕೈ ಹಾಕೂವರು ನಾವು" ಅಂದ್ರು. ಖರೇನೇ ಅದು. ನಾವು ಗಂಡಸರು ಬದುವಿನ ಮ್ಯಾಲ ನಿಂತು ಚಂದ ಅದ ಅಂತೀವಿ, ಬಗ್ಗಿ ಕೈ ಹಾಕೂವರು ಅವರು. ಅವತ್ತಿಂದ ನನ್ನ ಅಳತಿ ಒಂದೇ: ಬಿದ್ದ ಕಾಯಿ ನಿಂತಲ್ಲಿಂದ ಕಾಣಬೇಕು. ಕಾಣಲಿಲ್ಲ ಅಂದ್ರ ಬಳ್ಳಿ ಎತ್ತರ ಆಗೇದ, ಕಟರ್ ಹೊಡೀಬೇಕು. ಕಾಯಿ ಆರಿಸೂ ಹಿಂದಿನ ದಿನ ಮಾಡಿದ್ರ ಇನ್ನೂ ಚಲೋ. ಉದ್ದನ ಕಡ್ಡಿ ಒಂದೊಂದು ಕೊಟ್ಟೀನಿ, ಬಡದು ನೋಡಿ ಕೈ ಹಾಕ್ತಾರ, ಕಾಲಿಗೆ ಬೂಟು ಕೊಡಿಸೀನಿ. ಇಲ್ಲೀತನಾ ಒಂದೇ ಸಲ ಹಾವು ಕಂಡದ್ದು, ಅದೂ ರವದಿ ಗುಂಪಿಯೊಳಗ, ಬಳ್ಳ್ಯಾಗ ಅಲ್ಲ. ಹಂಗಂತ ಧೈರ್ಯ ಮಾಡಬ್ಯಾಡ್ರಿ.

ಸಿಂದಗಿ ಹುಡುಗರು ಹೋಗೂವಾಗ ಒಂದು ಚೀಲ ಬಳ್ಳಿ ಒಯ್ದ್ರು. ಹಾಳ ಬಿದ್ದದ ಅಂದವನೇ ಚೀಲ ಹೊತ್ತ. ನಿಮಗೂ ಬೇಕಾದ್ರ ಇನ್ನೊಂದು ಹದ ಮಳಿ ಬೀಳಲಿ, ಖಾಲಿ ಚೀಲ ತಗೊಂಡು ಬರ್ರಿ, ರೊಕ್ಕಾ ಬ್ಯಾಡ. ಆದರ ಬರೂಕ್ಕಿಂತ ಮೊದಲ ನಿಮ್ಮೂರ ಹಳ್ಳದ ದಂಡ್ಯಾಗ ಒಮ್ಮೆ ಹುಡುಕ್ರಿ, ಅಲ್ಲೇ ಸಿಗೂದು ಹೆಚ್ಚು. ಮುಂಜಾನೆ ಬಂದ್ರ ಅಪ್ಪ ಸಿಗ್ತಾನ, ಉಂಗುರ ಎಷ್ಟು ಅಗಲ ಕೆರೀಬೇಕು ಅನ್ನೂದು ಅವನ್ನೇ ಕೇಳ್ರಿ, ನನಗಿಂತ ಚಲೋ ತೋರಸ್ತಾನ.